ನರಕೋಶಕ್ಕೆ ಟೋಪಿ ಹಾಕಿದ ಕಿಡ್ನಿ ಕೋಶ

ಕಳೆದ ಗುರುವಾರ ಸಂಜೆ ಏಳೂವರೆಗೆ ಮೈಕ್ರೋಸ್ಕೋಪ್ ರೂಮಿನ ಕತ್ತಲಲ್ಲಿ ಒಬ್ಬಳೇ ಕೂತು ನಗುತ್ತಿದ್ದೆ. ಎದುರಿನ ಪರದೆಯಲ್ಲಿ ಹಸಿರಾಗಿ ಹೊಳೆಯುವ ಒಂದು ಕೋಶ. ಅದರ ಮೈ ಮೇಲೆ ಕೆಂಪು ಚುಕ್ಕಿಗಳು, ದಡಾರ ಎದ್ದ ಮಗುವಿನ ಹಾಗೆ. ಇನ್ನೊಂದು ತಟ್ಟೆಯಲ್ಲಿ ಅಂಥದ್ದೇ ಹಸಿರು ಕೋಶ, ಆದರೆ ಅದರ ಮೇಲೆ ಚುಕ್ಕಿ ಇಲ್ಲವೆಂದೇ ಹೇಳಬೇಕು. ಇದನ್ನು ನೋಡುವುದಕ್ಕೆ ಎರಡು ತಿಂಗಳು ಒದ್ದಾಡಿದ್ದೆ. ನಾಲ್ಕು ಸಲ ಎಲ್ಲಾ ಸತ್ತುಹೋಗಿತ್ತು.

ನಾನು ವಿಜ್ಞಾನಿ ಅಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಕೋಶಗಳನ್ನು ಬೆಳೆಸುವುದು, ಅವುಗಳಿಗೆ ಊಟ ಹಾಕುವುದು, ಗಾಜು ತೊಳೆಯುವುದು, ಬಣ್ಣ ಹಾಕುವುದು ನನ್ನ ಕೆಲಸ. ಅರಸೀಕೆರೆಯಿಂದ ಅಮ್ಮ ದಿನಾ ರಾತ್ರಿ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಏನು ಕಣೇ, ಇವತ್ತಾದ್ರೂ ಬದುಕಿದ್ವಾ?" ಕೋಳಿಮರಿ ಸಾಕಿದವರನ್ನು ಕೇಳುವ ಹಾಗೆ.

ಆ ಹಸಿರು ಕೋಶ ಮಿದುಳಿನದ್ದಲ್ಲ. ಎಚ್‌ಇಕೆ 293 ಅಂತ ಅದರ ಹೆಸರು. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಭ್ರೂಣದ ಕಿಡ್ನಿಯಿಂದ ಬೆಳೆಸಿದ ಕೋಶ. 293 ಅಂದರೆ ಏನೋ ದೊಡ್ಡ ಸಂಕೇತ ಅಂದುಕೊಂಡಿದ್ದೆ. ಸುಮ್ನೆ ಪ್ರಯೋಗದ ನಂಬರ್ ಅದು. ಇವತ್ತು ಜಗತ್ತಿನ ಎಲ್ಲ ಕಡೆ ಲ್ಯಾಬುಗಳಲ್ಲಿ ಗರಿಕೆ ಹುಲ್ಲಿನ ಹಾಗೆ ಬೆಳೆಯುತ್ತದೆ. ಸಾಯಿಸುವುದೇ ಕಷ್ಟ. ನರಕೋಶ ಹಾಗಲ್ಲ, ಸ್ವಲ್ಪ ಹೆಚ್ಚುಕಡಿಮೆಯಾದರೂ ಕಣ್ಣು ಮುಚ್ಚುತ್ತದೆ.

ಪ್ರಯೋಗ ಇಷ್ಟೇ. ಇಲಿಯ ಭ್ರೂಣದ ಮಿದುಳಿನಿಂದ ತೆಗೆದ ನರಕೋಶಗಳನ್ನು ಗಾಜಿನ ಚೂರಿನ ಮೇಲೆ ಹತ್ತು ದಿನ ಬೆಳೆಸುತ್ತೇವೆ. ಅಷ್ಟರಲ್ಲಿ ಅವು ಉದ್ದುದ್ದ ಬಾಲ ಬಿಟ್ಟು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆ ಬಾಲಕ್ಕೆ ಆಕ್ಸಾನ್ ಅನ್ನುತ್ತಾರೆ. ಇನ್ನೊಂದು ತಟ್ಟೆಯಲ್ಲಿ ಕಿಡ್ನಿ ಕೋಶಕ್ಕೆ ನ್ಯೂರೋಲಿಜಿನ್ ಎಂಬ ಒಂದೇ ಒಂದು ಪ್ರೋಟೀನಿನ ಜೀನ್ ಸೇರಿಸುತ್ತೇವೆ. ಗುರುತಿಗೆ ಹಸಿರು ಹೊಳಪಿನ ಜೀನ್ ಒಂದು. ಆಮೇಲೆ ಆ ಕಿಡ್ನಿ ಕೋಶಗಳನ್ನು ನರಕೋಶಗಳ ಮೇಲೆ ಉದುರಿಸಿ ಎರಡು ದಿನ ಬಿಟ್ಟುಬಿಡುತ್ತೇವೆ.

ಆಕ್ಸಾನ್ ತನ್ನ ಪಾಡಿಗೆ ಹೋಗುತ್ತಾ ಈ ಕಿಡ್ನಿ ಕೋಶಕ್ಕೆ ತಾಗುತ್ತದೆ. ಅದರ ಮೈ ಮೇಲೆ ನ್ಯೂರೋಲಿಜಿನ್ ಸಿಗುತ್ತದೆ. ಓಹೋ, ಇದು ನಮ್ಮವರೇ ಅಂದುಕೊಂಡು ಅಲ್ಲೇ ಅಂಗಡಿ ತೆರೆಯುತ್ತದೆ. ಸಂದೇಶದ ರಾಸಾಯನಿಕ ತುಂಬಿದ ಪುಟ್ಟ ಪುಟ್ಟ ಚೀಲಗಳನ್ನು ಆ ಜಾಗಕ್ಕೆ ತಂದು ಪೇರಿಸುತ್ತದೆ. ನಾನು ನೋಡಿದ ಕೆಂಪು ಚುಕ್ಕಿ ಅಂದರೆ ಆ ಚೀಲಗಳ ಗುಂಪು. ಸಂದೇಶ ತೆಗೆದುಕೊಳ್ಳುವುದು ಕಿಡ್ನಿ ಕೋಶದ ಕಸುಬೇ ಅಲ್ಲ. ಟೋಪಿ ಬಿದ್ದಿದೆ ಅಂತ ಆಕ್ಸಾನಿಗೆ ಗೊತ್ತೂ ಇಲ್ಲ. ಬರೀ ಹಸಿರು ಜೀನ್ ಹಾಕಿದ ಕಿಡ್ನಿ ಕೋಶವನ್ನು ಅದು ಕ್ಯಾರೇ ಅನ್ನದೆ ದಾಟಿ ಹೋಗುತ್ತದೆ.

ಇದನ್ನು ಮೊದಲು ಮಾಡಿ ತೋರಿಸಿದವರು ಪೀಟರ್ ಶೈಫೆಲೆ ಮತ್ತು ಅವರ ಜೊತೆಗಾರರು, 2000ದಲ್ಲಿ. ಮಿದುಳಿನ ಎರಡು ಕೋಶಗಳ ನಡುವಿನ ಕೊಂಡಿ, ಅಂದರೆ ಸಿನಾಪ್ಸ್, ನೂರಾರು ಬಗೆಯ ಪ್ರೋಟೀನು ಸೇರಿ ಆಗುವ ಜಟಿಲ ಯಂತ್ರ. ಅಂಥದ್ದರಲ್ಲಿ ಅರ್ಧ ಭಾಗವನ್ನು ಶುರು ಮಾಡಿಸುವುದಕ್ಕೆ ಎದುರುಗಡೆ ಒಂದೇ ಒಂದು ಪ್ರೋಟೀನು ಸಾಕಾಯಿತು. ನಾನು ಆ ಪೇಪರ್ ಓದಿದ ದಿನ ನಂಬಿರಲಿಲ್ಲ. ಕಣ್ಣಾರೆ ನೋಡಿದ ಮೇಲೆ ನಂಬಿದೆ.

ಈಗ ಸತ್ತುಹೋದ ನಾಲ್ಕು ಸಲದ ಕಥೆ. ನರಕೋಶ ಬರೀ ಗಾಜಿನ ಮೇಲೆ ನಿಲ್ಲುವುದಿಲ್ಲ. ಮೊದಲು ಗಾಜಿಗೆ ಪಾಲಿಲೈಸಿನ್ ಎಂಬುದನ್ನು ಬಳಿದು ರಾತ್ರಿಯಿಡೀ ಬಿಡಬೇಕು. ಅದು ಧನ ವಿದ್ಯುದಂಶದ ಅಂಟು. ಕೋಶದ ಮೈ ಋಣ, ಹಾಗಾಗಿ ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಅದನ್ನು ಮೂರು ಸಲ ನೀರಿನಲ್ಲಿ ತೊಳೆಯಬೇಕು. ಗಾಜಿಗೆ ಅಂಟದೆ ಉಳಿದ ಪಾಲಿಲೈಸಿನ್ ನರಕೋಶಕ್ಕೆ ವಿಷ. ನಾನು ಅವಸರದಲ್ಲಿ ಒಂದು ಸಲ ತೊಳೆದು ಮುಂದಕ್ಕೆ ಹೋಗುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಮಾತ್ರ "ತೊಳೆದಿದೆ" ಅಂತ ಬರೆಯುತ್ತಿದ್ದೆ. ಎಷ್ಟು ಸಲ ಅಂತ ಬರೆದಿರಲಿಲ್ಲ. ಮೀಡಿಯಾ, ಅಂದರೆ ಕೋಶದ ಊಟ, ಕೆಟ್ಟಿದೆ, ಇನ್‌ಕ್ಯುಬೇಟರ್ ಕೆಟ್ಟಿದೆ ಅಂತ ಎಲ್ಲರ ಮೇಲೂ ಗೂಬೆ ಕೂರಿಸಿದೆ. ಕೊನೆಗೆ ನಮ್ಮ ಲ್ಯಾಬಿನ ಮೇಡಂ ಒಂದು ಬೆಳಿಗ್ಗೆ ಬಂದು ನನ್ನ ಪಕ್ಕ ಸುಮ್ಮನೆ ನಿಂತು ನೋಡಿದರು. "ಇಷ್ಟೇನಾ ತೊಳೆಯೋದು?" ಅಂದರು. ಅಷ್ಟೇ.

ಅಮ್ಮನಿಗೆ ಇದನ್ನು ಹೇಳಿದಾಗ, "ಅಂಟು ಜಾಸ್ತಿಯಾದ್ರೆ ಬಟ್ಟೆ ಹಾಳಾಗುತ್ತೆ ಕಣೇ, ಅದಕ್ಕೇ ನಾನು ಗಮ್ ಹಚ್ಚಲ್ಲ, ಕೈಹೊಲಿಗೇನೇ ಹಾಕೋದು" ಅಂದಳು. ಅಮ್ಮ ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಾಳೆ. ನಾನು ಹೈಸ್ಕೂಲಿನಲ್ಲಿ ಇರುವಾಗ ಹುಕ್ಕು, ಕಾಜ, ಹೆಮ್ಮಿಂಗ್ ನನ್ನ ಪಾಲು. ಅವಳ ಆ ಮಾತಿನಿಂದ ನನಗೆ ಒಂದು ವಿಷಯ ಹೊಳೆಯಿತು. ಕೋಶದ ಮೈ ಮೇಲಿನ ಈ ಪ್ರೋಟೀನುಗಳನ್ನು ಪುಸ್ತಕದಲ್ಲಿ ಅಂಟಿನ ಅಣುಗಳು ಅನ್ನುತ್ತಾರೆ. ನನಗೆ ಆ ಹೆಸರು ಯಾಕೋ ಸರಿ ಅನ್ನಿಸುವುದಿಲ್ಲ. ಪಾಲಿಲೈಸಿನ್ ಅಂಟು. ಅದಕ್ಕೆ ಯಾವ ಕೋಶವಾದರೂ ಒಂದೇ. ಆದರೆ ನ್ಯೂರೋಲಿಜಿನ್ ಹುಕ್ಕು. ಅದಕ್ಕೆ ತನ್ನ ಕಾಜವೇ ಬೇಕು.

ಆ ಕಾಜ ಸಿಕ್ಕಿದ ಕಥೆ ಜೇಡದ ವಿಷದಿಂದ ಶುರುವಾಗುತ್ತದೆ. ಬ್ಲ್ಯಾಕ್ ವಿಡೋ ಜೇಡದ ವಿಷದಲ್ಲಿ ಲ್ಯಾಟ್ರೋಟಾಕ್ಸಿನ್ ಎಂಬ ಪ್ರೋಟೀನು ಇದೆ. ಅದು ತಾಗಿದರೆ ನರದ ತುದಿಯಲ್ಲಿ ಕೂಡಿಟ್ಟ ಚೀಲಗಳೆಲ್ಲ ಒಟ್ಟಿಗೆ ಬರಿದಾಗುತ್ತವೆ. ಮೈ ಸೆಟೆದುಕೊಳ್ಳುತ್ತದೆ. ಈ ವಿಷ ನರದ ತುದಿಯನ್ನು ಹೇಗೆ ಗುರುತು ಹಿಡಿಯುತ್ತದೆ ಅಂತ ಹುಡುಕುತ್ತಾ ಹೋದವರು ಅಮೆರಿಕದ ಡಲ್ಲಾಸ್‌ನಲ್ಲಿದ್ದ ಥಾಮಸ್ ಸ್ಯೂಡಾಫ್ ಅವರ ತಂಡ. 1992ರಲ್ಲಿ ವಿಷ ಕಚ್ಚಿಕೊಳ್ಳುವ ಒಂದು ಪ್ರೋಟೀನು ಸಿಕ್ಕಿತು. ಅದಕ್ಕೆ ನ್ಯೂರೆಕ್ಸಿನ್ ಅಂತ ಹೆಸರಿಟ್ಟರು. ಜೇಡಕ್ಕೋಸ್ಕರ ಮಿದುಳು ಇಂಥದ್ದನ್ನು ಇಟ್ಟುಕೊಂಡಿರುವುದಿಲ್ಲ ಅಲ್ವಾ? ಇದರ ನಿಜವಾದ ಜೋಡಿ ಯಾರು ಅಂತ ಹುಡುಕಿದರು. 1995ರಲ್ಲಿ ನ್ಯೂರೋಲಿಜಿನ್ ಸಿಕ್ಕಿತು. ಸ್ಯೂಡಾಫ್ ಅವರಿಗೆ 2013ರಲ್ಲಿ ನೊಬೆಲ್ ಬಂತು, ಆದರೆ ಇದಕ್ಕಲ್ಲ. ಆ ಚೀಲಗಳು ಹೇಗೆ, ಯಾವಾಗ ತೆರೆದುಕೊಳ್ಳುತ್ತವೆ ಅನ್ನುವ ಕೆಲಸಕ್ಕೆ.

ಸಂದೇಶ ಕಳಿಸುವ ಕಡೆ ನ್ಯೂರೆಕ್ಸಿನ್, ತೆಗೆದುಕೊಳ್ಳುವ ಕಡೆ ನ್ಯೂರೋಲಿಜಿನ್. ನಡುವೆ ಸುಮಾರು 20 ನ್ಯಾನೋಮೀಟರ್ ಸಂದು. ತಲೆಗೂದಲಿನ ದಪ್ಪವನ್ನು ಕೆಲವು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಆ ಸಂದಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ಹಿಡಿದುಕೊಳ್ಳುತ್ತವೆ. ಆದರೆ ನಿಜವಾದ ಕೆಲಸ ಇರುವುದು ಹಿಂದುಗಡೆ. ಎರಡಕ್ಕೂ ಕೋಶದ ಒಳಗೆ ಒಂದು ಬಾಲ ಇದೆ. ನ್ಯೂರೋಲಿಜಿನ್‌ನ ಬಾಲ ಒಳಗಿರುವ ಪಿಎಸ್‌ಡಿ-95 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಅದು ಸಂದೇಶ ಹಿಡಿಯುವ ರಿಸೆಪ್ಟರುಗಳನ್ನು ಆ ಜಾಗದಲ್ಲಿ ಕೂಡಿಹಾಕುವುದಕ್ಕೆ ನೆರವಾಗುತ್ತದೆ. ಅಮ್ಮ ಹೇಳುವುದೂ ಇದನ್ನೇ. ಹುಕ್ಕು ಎಷ್ಟೇ ಚೆನ್ನಾಗಿರಲಿ, ಹಿಂದೆ ಪಟ್ಟಿ ಕೊಡದಿದ್ದರೆ ಎರಡು ಸಲ ಹಾಕುವಷ್ಟರಲ್ಲಿ ಬಟ್ಟೆಯೇ ಹರಿದು ಬರುತ್ತದೆ.

2004ರಲ್ಲಿ ಇದನ್ನೇ ತಿರುಗಿಸಿ ಮಾಡಿದರು. ಈ ಸಲ ನರಕೋಶವಲ್ಲದ ಕೋಶದ ಮೇಲೆ ನ್ಯೂರೆಕ್ಸಿನ್ ಇಟ್ಟರು. ಎದುರಿಗೆ ಬಂದ ನರಕೋಶ ತೆಗೆದುಕೊಳ್ಳುವ ಕಡೆಯ ಸಾಮಾನನ್ನೆಲ್ಲ ಅಲ್ಲಿಗೆ ತಂದು ಜೋಡಿಸಿತು. ಆ ಕಡೆಯಿಂದಲೂ ಟೋಪಿ, ಈ ಕಡೆಯಿಂದಲೂ ಟೋಪಿ.

ಇಷ್ಟಾದ ಮೇಲೂ ನನಗೊಂದು ಕಿರಿಕಿರಿ ಇದೆ. 1980ರ ದಶಕದಲ್ಲೇ ಬರೀ ಪಾಲಿಲೈಸಿನ್‌ನಂಥದ್ದನ್ನು ಬಳಿದ ಮಣಿಗಳನ್ನು ನರಕೋಶಗಳ ಮೇಲೆ ಹಾಕಿ ನೋಡಿದ್ದರು. ಅಲ್ಲಿಯೂ ಆಕ್ಸಾನ್ ಬಂದು ಚೀಲ ಪೇರಿಸಿತ್ತು! ಅಂದರೆ ನಾನು ಸರಿಯಾಗಿ ತೊಳೆಯದೆ ನಾಲ್ಕು ಸಲ ಕೋಶ ಕೊಂದ ಅದೇ ಅಂಟಿಗೂ ಆಕ್ಸಾನ್ ಮರುಳಾಗುತ್ತದೆ. ನನ್ನ ಪ್ರಕಾರ ಆಕ್ಸಾನ್ ಸರಕು ಕಟ್ಟಿಕೊಂಡೇ ಓಡಾಡುವ ಸಂತೆ ವ್ಯಾಪಾರಿ. ಯಾರಾದರೂ ಕೈ ಬೀಸಿ ಕರೆದರೆ ಸಾಕು, ಗಂಟು ಬಿಚ್ಚುತ್ತದೆ. ಹಾಗಾದರೆ ನಾನು ಗುರುವಾರ ನೋಡಿದ್ದು ನಿಜವಾಗಿ ಏನನ್ನು ಹೇಳುತ್ತದೆ?

ಈ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ ಜರ್ಮನಿಯ ಗಟಿಂಗನ್‌ನದ್ದು. ನಿಲ್ಸ್ ಬ್ರೋಸೆ ಅವರ ತಂಡ ನ್ಯೂರೋಲಿಜಿನ್ 1, 2, 3 ಮೂರೂ ಇಲ್ಲದ ಇಲಿಗಳನ್ನು ಮಾಡಿತು. 2006ರಲ್ಲಿ ಅದರ ವಿವರ ಬಂತು. ಟೋಪಿಯ ಪ್ರಯೋಗ ನಂಬಿದವರು ಏನು ಅಂದುಕೊಳ್ಳಬೇಕು? ಹುಕ್ಕು ಇಲ್ಲ, ಹಾಗಾಗಿ ಮಿದುಳಿನಲ್ಲಿ ಕೊಂಡಿಯೇ ಇರಬಾರದು. ಮರಿಗಳು ಹುಟ್ಟಿದವು. ಉಸಿರಾಡಲು ಆಗದೆ ಒಂದು ದಿನದೊಳಗೆ ಸತ್ತವು. ಇಲ್ಲಿಯವರೆಗೆ ಊಹಿಸಿದ ಹಾಗೇ. ಆದರೆ ಮಿದುಳು ತೆಗೆದು ನೋಡಿದರೆ ಕೊಂಡಿಗಳು ಇದ್ದವು! ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಮಿದುಳಿನ ಬುಡದಲ್ಲಿ ಉಸಿರಾಟ ನಡೆಸುವ ಭಾಗದಲ್ಲಿ ಆ ಕೊಂಡಿಗಳ ಮೂಲಕ ಸಂದೇಶ ಸರಿಯಾಗಿ ಹೋಗುತ್ತಿರಲಿಲ್ಲ, ಅಷ್ಟೇ. ಆ ಅಷ್ಟಕ್ಕೇ ಜೀವ ಹೋಗಿತ್ತು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ಒಂದು ಶ್ರಾವಣ. ಹಬ್ಬದ ಕೆಲಸ ರಾಶಿ ಬಿದ್ದಿತ್ತು. ಅಮ್ಮ ಬ್ಲೌಸುಗಳಿಗೆ ಮೊದಲು ಬಿಳಿ ದಾರದಲ್ಲಿ ದೂರ ದೂರ ಕಚ್ಚಾ ಹೊಲಿಗೆ ಹಾಕುತ್ತಾಳೆ. ಆಮೇಲೆ ಮಿಷನ್ ಹೊಲಿಗೆ. ಅವತ್ತು ಒಂದು ಹಸಿರು ಬ್ಲೌಸಿನ ತೋಳಿಗೆ ಬರೀ ಕಚ್ಚಾ ಹೊಲಿಗೆ ಆಗಿತ್ತು. ನಾನು ಮುಗಿದಿದೆ ಅಂದುಕೊಂಡು ಇಸ್ತ್ರಿ ಮಾಡಿ ಮಡಿಸಿ ಕೊಟ್ಟುಬಿಟ್ಟೆ. ನೋಡುವುದಕ್ಕೆ ಬ್ಲೌಸೇ. ಮಡಿಕೆ ಚೆನ್ನಾಗಿತ್ತು. ಅವರು ಮನೆಗೆ ಹೋಗಿ ತೋಳು ತೂರಿಸಿದ ತಕ್ಷಣ ಚರ್ರ್ ಅಂತ ಬಿಟ್ಟುಕೊಂಡಿತು. ಪೂಜೆಯ ದಿನ ಬೆಳಿಗ್ಗೆ ಬಾಗಿಲಿಗೆ ಬಂದು ಅವರು ಆಡಿದ ಮಾತು ಇಲ್ಲಿ ಬರೆಯಲಾರೆ.

ನ್ಯೂರೋಲಿಜಿನ್ ಮಾಡುವುದು ಮಿಷನ್ ಹೊಲಿಗೆ ಅಂತ ನನಗೆ ಅನ್ನಿಸುತ್ತದೆ. ಎರಡು ಕೋಶ ಒಂದಕ್ಕೊಂದು ತಾಗಿ ನಿಲ್ಲುವುದು, ಅಂದರೆ ಕಚ್ಚಾ ಹೊಲಿಗೆ, ಬೇರೆಯವರಿಂದಲೂ ಆಗುತ್ತದೆ. ಅದಾದ ಮೇಲೆ ಈ ಕೊಂಡಿ ಗಟ್ಟಿಯಾಗಬೇಕಾ, ಬಿಚ್ಚಬೇಕಾ, ಕೆಲಸಕ್ಕೆ ಬರುವ ಹಾಗೆ ಹೇಗೆ ತಯಾರಾಗಬೇಕು ಅನ್ನುವ ಕಡೆ ಇದರ ಕೈ ಇದೆ. ನಮ್ಮ ಮೇಡಂ ಇದನ್ನು ಪೂರ್ತಿ ಒಪ್ಪುವುದಿಲ್ಲ. ಸಿನ್‌ಕ್ಯಾಮ್ ಇದೆ, ಎಲ್‌ಆರ್‌ಆರ್‌ಟಿಎಂ ಇದೆ, ಒಬ್ಬರು ರಜಾ ಹಾಕಿದರೆ ಇನ್ನೊಬ್ಬರು ಕೆಲಸ ಮಾಡುತ್ತಾರೆ, ಅದಕ್ಕೇ ಲೆಕ್ಕ ಕಡಿಮೆಯಾಗಿಲ್ಲ ಅನ್ನುತ್ತಾರೆ. ಅವೂ ಇಂಥದ್ದೇ ಹುಕ್ಕುಗಳು. ಅವನ್ನು ಕಿಡ್ನಿ ಕೋಶಕ್ಕೆ ಹಾಕಿದರೂ ಆಕ್ಸಾನ್ ಮೋಸ ಹೋಗುತ್ತದೆ. ಟೀ ಕುಡಿಯುತ್ತಾ ಈ ಜಗಳ ಮೂರು ಸಲ ಆಗಿದೆ. ಮೇಡಂ ಗೆದ್ದಿದ್ದಾರೆ ಅಂತ ನಾನು ಇನ್ನೂ ಒಪ್ಪಿಕೊಂಡಿಲ್ಲ.

ಕಚ್ಚಾ ಹೊಲಿಗೆಯವರಲ್ಲಿ ಮುಖ್ಯರು ಕ್ಯಾಡ್ಹೆರಿನ್‌ಗಳು. ಇವು ನರಕೋಶದಲ್ಲಿ ಮಾತ್ರವಲ್ಲ, ಚರ್ಮ, ಕರುಳು ಎಲ್ಲ ಕಡೆ ಇವೆ. ಇವುಗಳ ಕಥೆ ನನಗೆ ಇಷ್ಟ, ಯಾಕೆಂದರೆ ಅದು ಕೂಡ ಬಾಟಲಿಯಲ್ಲಿ ಏನಿತ್ತು ಅನ್ನುವ ಕಥೆ. ಮಸಾತೋಶಿ ತಾಕೆಯಿಚಿ ಜಪಾನಿನ ಕ್ಯೋಟೋದಲ್ಲಿ ಪ್ರೋಟೀನು ತುಂಡು ಮಾಡುವ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಕೋಶಗಳನ್ನು ಬಿಡಿಸುತ್ತಿದ್ದರು. ಬಿಡಿಸಿದ ಕೋಶ ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. 1970ರ ದಶಕದಲ್ಲಿ ಅವರು ಅಮೆರಿಕದ ಬಾಲ್ಟಿಮೋರ್‌ನ ಕಾರ್ನೆಗಿ ಸಂಸ್ಥೆಯ ಲ್ಯಾಬಿಗೆ ಹೋದರು. ಅಲ್ಲಿ ಅದೇ ಪ್ರಯೋಗ, ಆದರೆ ಕೋಶ ಅಂಟಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಟ್ರಿಪ್ಸಿನ್ ಬಾಟಲಿಯಲ್ಲಿ. ಅಲ್ಲಿಯವರು ಅದಕ್ಕೆ ಇಡಿಟಿಎ ಸೇರಿಸುತ್ತಿದ್ದರು. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಇದ್ದರೆ ಹಿಡಿದುಕೊಳ್ಳುವ ಪ್ರೋಟೀನು ಟ್ರಿಪ್ಸಿನ್ನಿಗೆ ಜಗ್ಗುವುದಿಲ್ಲ, ಇಲ್ಲದಿದ್ದರೆ ತುಂಡಾಗುತ್ತದೆ. ಆ ಎಳೆ ಹಿಡಿದು ಅವರು ಕಂಡುಹಿಡಿದದ್ದೇ ಕ್ಯಾಡ್ಹೆರಿನ್. ನಾನು ವಾರಕ್ಕೆ ಎರಡು ಸಲ ಕಿಡ್ನಿ ಕೋಶಕ್ಕೆ ಇಡಿಟಿಎ ಹಾಕುತ್ತೇನೆ. ಕೆಲವೇ ನಿಮಿಷದಲ್ಲಿ ಕೈಕೈ ಹಿಡಿದು ನಿಂತವು ಉಂಡೆಯಾಗಿ ಬಿಟ್ಟುಕೊಳ್ಳುತ್ತವೆ. ಪ್ರತಿ ಸಲವೂ ಕ್ಯೋಟೋದಿಂದ ಬಂದವರ ಆ ತಲೆಬಿಸಿ ನೆನಪಾಗುತ್ತದೆ.

ಹುಕ್ಕು ಅಂದೆ. ಆದರೆ ಎಲ್ಲ ಹುಕ್ಕೂ ಒಂದೇ ಅಳತೆಯದ್ದಲ್ಲ. ನಮ್ಮಲ್ಲಿ ನ್ಯೂರೆಕ್ಸಿನ್ ಜೀನ್ ಇರುವುದು ಮೂರೇ. ಒಂದೊಂದರಿಂದಲೂ ಉದ್ದದ್ದು, ಗಿಡ್ಡದ್ದು ಬರುತ್ತದೆ. ಅದರಲ್ಲಿ ಕೆಲವು ತುಂಡು ಬಿಟ್ಟು, ಕೆಲವು ಸೇರಿಸಿ, ಒಂದೇ ಬಟ್ಟೆಯಲ್ಲಿ ಬೇರೆ ಬೇರೆ ಕಟಿಂಗ್ ಮಾಡಿದ ಹಾಗೆ ಸಾವಿರಕ್ಕೂ ಹೆಚ್ಚು ಬಗೆ ಆಗಬಲ್ಲದು. ಯಾವ ಕಟಿಂಗ್ ಅನ್ನುವುದರ ಮೇಲೆ ಎದುರಿಗೆ ಯಾರು ಚೆನ್ನಾಗಿ ಹಿಡಿದುಕೊಳ್ಳುತ್ತಾರೆ ಅನ್ನುವುದು ಬದಲಾಗುತ್ತದೆ. ಹಣ್ಣಿನ ನೊಣದ ಡಿಸ್ಕ್ಯಾಮ್ ಎಂಬ ಒಂದೇ ಜೀನ್ ಇನ್ನೂ ಮುಂದೆ ಹೋಗಿ 38,016 ಬಗೆ ಮಾಡಬಲ್ಲದು. ಅದರ ಕೆಲಸ ಉಲ್ಟಾ. ಒಂದೇ ಕೋಶದ ಎರಡು ಕೊಂಬೆ ತಾಗಿದರೆ ಎರಡರ ಮೇಲೂ ಒಂದೇ ಬಗೆಯ ಡಿಸ್ಕ್ಯಾಮ್ ಇರುತ್ತದೆ. ಆಗ ಇದು ನಾನೇ ಅಂತ ಗೊತ್ತಾಗಿ ದೂರ ಸರಿಯುತ್ತವೆ. ತನ್ನ ಸೆರಗಿಗೆ ತಾನೇ ಹುಕ್ಕು ಹಾಕಿಕೊಳ್ಳದ ಹಾಗೆ ಒಂದು ಏರ್ಪಾಟು.

ಅಮ್ಮನ ಹತ್ತಿರ ಬಟ್ಟೆ ಹೊಲಿಸುವ ಒಬ್ಬರಿಗೆ ಏಳು ವರ್ಷದ ಮಗ. ಆಟಿಸಂ ಇದೆ. ಹೋದ ತಿಂಗಳು ನಾನು ಊರಿಗೆ ಹೋದಾಗ ಅಳತೆ ಕೊಡುವುದಕ್ಕೆ ಬಂದವರು ಕೂತೇಬಿಟ್ಟರು. "ನೀನು ಮಿದುಳಿನ ಕೆಲಸ ಮಾಡ್ತೀಯಂತಲ್ಲಮ್ಮ, ನಾನು ಮೊಬೈಲ್ ಕೊಟ್ಟಿದ್ದಕ್ಕೇ ಹಿಂಗಾಯ್ತು ಅಂತಾರಲ್ಲ?" ಅಂದರು. ಹಾಗೆ ಹೇಳಿದ್ದು ಅವರ ಮನೆಯವರೇ.

ನಾನು ಡಾಕ್ಟರಲ್ಲ ಅಂತ ಮೊದಲೇ ಹೇಳಿದೆ. ಆಮೇಲೆ ಗೊತ್ತಿದ್ದಷ್ಟು ಹೇಳಿದೆ. ಇದು ಮಗು ಹುಟ್ಟುವ ಮುಂಚೆಯೇ ಮಿದುಳಿನಲ್ಲಿ ಶುರುವಾಗುವ ವಿಷಯ ಅಂತ. 2003ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಥಾಮಸ್ ಬೂರ್ಜೆರೋನ್ ಅವರ ತಂಡ ಸ್ವೀಡನ್ನಿನ ಎರಡು ಕುಟುಂಬಗಳಲ್ಲಿ ನ್ಯೂರೋಲಿಜಿನ್ ಜೀನಿನ ಬದಲಾವಣೆ ಕಂಡುಹಿಡಿದಿತ್ತು ಅಂತ. ಎರಡರಲ್ಲೂ ಅಣ್ಣ ತಮ್ಮಂದಿರಿಗೆ ಆಟಿಸಂನ ಬಗೆ ಇತ್ತು. ಒಂದು ಕುಟುಂಬದಲ್ಲಿ ಆ ಪ್ರೋಟೀನಿನ ಸರದಲ್ಲಿ ಒಂದೇ ಒಂದು ಮಣಿ, ಅಂದರೆ ಒಂದು ಅಮೈನೋ ಆಮ್ಲ, ಬದಲಾಗಿತ್ತು. ಅಷ್ಟಕ್ಕೇ ಹುಕ್ಕು ಸರಿಯಾಗಿ ಮಡಿಸಿಕೊಳ್ಳದೆ ಹೆಚ್ಚುಪಾಲು ಕೋಶದ ಒಳಗೇ ಸಿಕ್ಕಿಕೊಳ್ಳುತ್ತದೆ, ಮೈ ಮೇಲೆ ಬರುವುದು ಕಡಿಮೆ. ನ್ಯೂರೆಕ್ಸಿನ್ ಜೀನಿನ ತುಂಡು ಬಿಟ್ಟುಹೋದವರೂ ಇದ್ದಾರೆ. ಅದೇ ತುಂಡು ಬಿಟ್ಟುಹೋಗಿದ್ದರೂ ಏನೂ ತೊಂದರೆಯಿಲ್ಲದೆ ಬದುಕುವವರೂ ಇದ್ದಾರೆ.

ನಿಮ್ಮ ಮಗನಿಗೆ ಇದೇ ಅಂತ ಅಲ್ಲ, ಈ ಜೀನುಗಳಿಂದ ಬರುವುದು ತುಂಬ ಕಡಿಮೆ ಜನರಿಗೆ ಅಂತ ಎರಡು ಸಲ ಹೇಳಿದೆ. ಅವರು ಕೇಳಿದ್ದು ಒಂದೇ. "ಆ ಹುಕ್ಕು ಸರಿ ಮಾಡೋಕೆ ಮಾತ್ರೆ ಇದೆಯಾ?" ಇಲ್ಲ ಅಂದೆ. ಸ್ವೀಡನ್ನಿನ ಆ ಬದಲಾವಣೆಗಳು ತಾಯಿಯ ಕಡೆಯ ಎಕ್ಸ್ ಕ್ರೋಮೋಸೋಮಿನಲ್ಲಿ ಬಂದಿದ್ದವು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಆ ಮನೆಯಲ್ಲಿ ಆ ಮಾತು ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಅಮ್ಮ ಅವರ ಅಳತೆ ಬರೆದುಕೊಂಡು, ಈ ಸಲ ಕೂಲಿ ಬೇಡ ಅಂದಳು. ಅವರು ಕೊಟ್ಟೇ ಹೋದರು.

ಗುರುವಾರ ರಾತ್ರಿ ಪರದೆಯ ಫೋಟೋ ತೆಗೆದು ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಮಿಷನ್ ಸದ್ದು. "ಚೆನ್ನಾಗಿದೆ ಕಣೇ, ಮಗ್ಗದ ವರ್ಕ್ ಥರ ಇದೆ. ಆದ್ರೆ ಮಣಿ ಎಲ್ಲಾ ಒಂದೇ ಕಡೆ ಯಾಕೆ? ಕೆಳಗಡೆ ಎಡಗಡೆ ಖಾಲಿ ಬಿಟ್ಟಿದ್ದೀಯಲ್ಲ."

ಫೋಟೋ ದೊಡ್ಡದು ಮಾಡಿ ನೋಡಿದೆ. ಹೌದು, ಖಾಲಿ. ಮೇಡಂ ನೋಡಿದ್ದರು, ನಾನೂ ನೋಡಿದ್ದೆ, ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅದೇ ಗಾಜು ಮತ್ತೆ ಹಾಕಿ ಆ ಕಡೆ ಸರಿಸಿದೆ. ಅಲ್ಲಿ ಒಂದು ಆಕ್ಸಾನೂ ಹಾದುಹೋಗಿರಲಿಲ್ಲ. ಕಿಡ್ನಿ ಕೋಶ ಮೈ ತುಂಬ ಹುಕ್ಕು ಹಾಕಿಕೊಂಡು ಆ ಕಡೆ ಮುಖ ಮಾಡಿ ಕೂತಿತ್ತು, ಎದುರಿಗೆ ಯಾರೂ ಇಲ್ಲ. ಆ ಮೂಲೆಯಲ್ಲಿ ನರಕೋಶ ಬೆಳೆದೇ ಇರಲಿಲ್ಲ.

ನೋಟ್‌ಬುಕ್ ತೆಗೆದು ನೋಡಿದೆ. "ಮೂರು ಸಲ ತೊಳೆದಿದೆ" ಅಂತ ಇದೆ. ನನ್ನದೇ ಅಕ್ಷರ.